‘ಸಾಕಾಗಿ ಹೋಗಿದೆ’ ಎಂಬುದನ್ನು ಕೇಸ್ ಶೀಟಿನಲ್ಲಿ ಹೇಗೆ ಬರೆಯುವುದು?

ಮಂಗಳವಾರದ ಬೆಳಿಗ್ಗೆ, ಒಂದು ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಡಿ ಅಂದು ಮನೋವೈದ್ಯರು ಬರುವ ದಿನವಾದ್ದರಿಂದ ಹೊರಗಿನ ಬೆಂಚು ತುಂಬಿದೆ. ಒಳಗೆ ಕುಳಿತ ಮೂವತ್ತೆಂಟು ವರ್ಷದ ಹೆಂಗಸು ಸೆರಗಿನ ತುದಿ ಸುತ್ತುತ್ತಾ, “ಸಾಕಾಗಿ ಹೋಗಿದೆ ಡಾಕ್ಟರೇ” ಎನ್ನುತ್ತಾರೆ. ವೈದ್ಯರ ಮುಂದೆ ಒಂದು ಚೀಟಿಯಿದೆ, ಕೈಯಲ್ಲಿ ಪೆನ್ನಿದೆ. ಅದರಲ್ಲಿ ಏನು ಬರೆಯಬೇಕು?

ಈ ಮಾತನ್ನು ದನ ಕಟ್ಟಿ, ಹಾಲು ಕರೆದು, ಅಡುಗೆ ಮಾಡಿ ದಣಿದವರೂ ಹೇಳುತ್ತಾರೆ. ಗಂಡನ ಕುಡಿತಕ್ಕೆ ರೋಸಿಹೋದವರೂ ಹೇಳುತ್ತಾರೆ. ಬದುಕೇ ಬೇಡವಾದವರೂ ಇದನ್ನೇ ಹೇಳುತ್ತಾರೆ. ಆಕೆ ಹೇಳಿದ್ದು ಯಾವ ಅರ್ಥದಲ್ಲಿ ಎಂದು ಕೇಳಿ ತಿಳಿದು ಬರೆಯಬೇಕು. ಆ ಬರಹಕ್ಕೆ ಆಸ್ಪತ್ರೆಯವರು ‘ಪ್ರೋಗ್ರೆಸ್ ನೋಟ್’ ಎನ್ನುತ್ತಾರೆ. ನಾವು ಸಾಮಾನ್ಯವಾಗಿ ‘ಫೈಲಿನಲ್ಲಿ ಬರೆದದ್ದು’ ಎನ್ನುತ್ತೇವೆ. ಎಂಟು ಹತ್ತು ಸಾಲಿನ ಈ ಟಿಪ್ಪಣಿ ಹೇಗಿರಬೇಕು, ಯಾಕೆ ಹಾಗಿರಬೇಕು ಎಂಬುದು ವೈದ್ಯರು ಮತ್ತು ಆಪ್ತಸಮಾಲೋಚಕರ ಒಳಮನೆಯ ವಿಷಯ ಎಂದು ಬಹಳ ಕಾಲ ಎಲ್ಲರೂ ತಿಳಿದಿದ್ದರು. ಈಗ ಅದು ಹೊರಗೂ ಬಂದಿದೆ.

ಈಗ ಯಾಕೆ ಎಲ್ಲರಿಗೂ ಸಂಬಂಧಿಸಿದ್ದು

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017 ಚಿಕಿತ್ಸೆ ಪಡೆಯುವವರಿಗೆ ತಮ್ಮ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕು ಕೊಟ್ಟಿತು. ಅಂದರೆ ನಮ್ಮ ಬಗ್ಗೆ ಬರೆದದ್ದನ್ನು ನಾವೇ ಓದಬಹುದು. ಅದೇ ಕಾಯ್ದೆ ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಎಂದು ಹೇಳಿತು. ವಿಮೆ ಬಂದಲ್ಲಿ ಕಾಗದಪತ್ರವೂ ಬರುತ್ತದೆ. ಹಣ ಮಂಜೂರು ಮಾಡುವವರು ಫೈಲು ಕೇಳುತ್ತಾರೆ. ಇನ್ನೊಂದು ದಾರಿ ಕೌಟುಂಬಿಕ ನ್ಯಾಯಾಲಯದ್ದು. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ, ಕೆಲವು ಷರತ್ತುಗಳೊಡನೆ, ವಿಚ್ಛೇದನಕ್ಕೆ ಒಂದು ಕಾರಣ. ಹಾಗಾಗಿ ಐದು ವರ್ಷದ ಹಿಂದೆ ಯಾರೋ ಅವಸರದಲ್ಲಿ ಗೀಚಿದ ಒಂದು ಪದ ಎಂದೋ ಒಂದು ದಿನ ವಕೀಲರ ಕೈಯಲ್ಲಿ ಕಾಣಿಸಿಕೊಳ್ಳಬಹುದು.

ಇದೆಲ್ಲಕ್ಕಿಂತ ಹೆಚ್ಚು ನಿತ್ಯದ ಕಾರಣ ಒಂದಿದೆ. ಮುಂದಿನ ಮಂಗಳವಾರ ಅದೇ ವೈದ್ಯರು ಬರುತ್ತಾರೆ ಎಂಬ ಖಾತರಿ ಇಲ್ಲ. ವರ್ಗಾವಣೆ, ರಜೆ, ಬೇರೆ ತಾಲ್ಲೂಕಿನ ಸರದಿ, ಏನು ಬೇಕಾದರೂ ಆಗಬಹುದು. ಹೊಸಬರಿಗೆ ಈ ಹೆಂಗಸಿನ ಬಗ್ಗೆ ಗೊತ್ತಾಗುವುದು ಆ ಎಂಟು ಸಾಲಿನಿಂದಲೇ.

ಪ್ರೋಗ್ರೆಸ್ ನೋಟ್ ಎಂದರೆ ಯಾವುದು

ಮೊದಲ ಭೇಟಿಯಲ್ಲಿ ಹುಟ್ಟು, ಓದು, ಮದುವೆ, ಹಿಂದಿನ ಕಾಯಿಲೆ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದೆಲ್ಲ ಕೇಳಿ ಬರೆಯುವುದು ಕೇಸ್ ಹಿಸ್ಟರಿ. ಮಾತ್ರೆಯ ಹೆಸರು ಬರೆದುಕೊಡುವುದು ಔಷಧದ ಚೀಟಿ. ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಕೊಡುವುದು ಡಿಸ್ಚಾರ್ಜ್ ಸಾರಾಂಶ. ಇವುಗಳ ನಡುವೆ, ಪ್ರತಿ ಭೇಟಿಯಲ್ಲಿ, ಒಳರೋಗಿಯಾದರೆ ದಿನದಿನವೂ, ‘ಹೋದ ಸಲದಿಂದ ಇಂದಿಗೆ ಏನು ಬದಲಾಯಿತು, ಈಗ ಏನು ಮಾಡುತ್ತಿದ್ದೇವೆ, ಯಾಕೆ’ ಎಂದು ಬರೆಯುವುದೇ ಪ್ರೋಗ್ರೆಸ್ ನೋಟ್.

ಸಕ್ಕರೆ ಕಾಯಿಲೆಯವರ ಫೈಲಿನಲ್ಲಿ ಲ್ಯಾಬಿನ ಅಂಕಿ ಇರುತ್ತದೆ. ಮೂಳೆ ಮುರಿದವರಿಗೆ ಎಕ್ಸ್-ರೇ ಇರುತ್ತದೆ. ವೈದ್ಯರು ಏನೂ ಬರೆಯದಿದ್ದರೂ ಆ ಚಿತ್ರವನ್ನು ಬೆಳಕಿಗೆ ಹಿಡಿದು ಮತ್ತೊಬ್ಬರು ನೋಡಬಹುದು. ಖಿನ್ನತೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ರೋಗಿ ಆಡಿದ ಮಾತು, ಕುಳಿತ ರೀತಿ, ಕಣ್ಣು, ಉತ್ತರಿಸಲು ತೆಗೆದುಕೊಂಡ ಹೊತ್ತು, ಜೊತೆಗೆ ಬಂದವರು ಹೇಳಿದ್ದು, ಇವೇ ಇಲ್ಲಿಯ ಎಕ್ಸ್-ರೇ. ಅವು ಕಾಗದಕ್ಕೆ ಇಳಿಯದಿದ್ದರೆ ಕೋಣೆಯ ಬಾಗಿಲು ತೆರೆದಾಗಲೇ ಕಳೆದುಹೋಗುತ್ತವೆ.

ನಾಲ್ಕು ಖಾನೆಗಳು

ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೋಗಿಯ ದಾಖಲೆಯನ್ನು ಸಮಸ್ಯೆಗಳ ಸುತ್ತ ಜೋಡಿಸುವ ಪದ್ಧತಿಯೊಂದನ್ನು ಮುಂದಿಟ್ಟರು. 1968ರಲ್ಲಿ ಪ್ರಕಟವಾದ ಅವರ ಲೇಖನದ ನಂತರ ಅದು ಎಲ್ಲೆಡೆ ಹಬ್ಬಿತು. ಅದರಿಂದ ಬಂದದ್ದು ‘ಸೋಪ್’ (SOAP) ಎಂಬ, ಇಂಗ್ಲಿಷಿನ ನಾಲ್ಕಕ್ಷರದ ಸೂತ್ರ. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವುದು ಇದನ್ನೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೇಳಿದ್ದು, ಕಂಡದ್ದು, ತಿಳಿದದ್ದು, ಮಾಡುವುದು.

‘ಹೇಳಿದ್ದು’ ಎಂದರೆ ರೋಗಿಯ ಮಾತು, ಅವರ ಬಾಯಿಯಿಂದ ಬಂದಂತೆ. ‘ಕಂಡದ್ದು’ ಎಂದರೆ ಬರೆಯುವವರು ಸ್ವತಃ ಕಣ್ಣಾರೆ ನೋಡಿದ್ದು, ಕಿವಿಯಾರೆ ಕೇಳಿದ್ದು. ‘ತಿಳಿದದ್ದು’ ಎಂದರೆ ಇವೆರಡನ್ನೂ ಕೂಡಿಸಿ ಬಂದ ಅಂದಾಜು. ಕೊನೆಯದು ಮುಂದಿನ ಹೆಜ್ಜೆ.

ಪೊಲೀಸರು ಮಾಡುವ ಸ್ಥಳ ಮಹಜರನ್ನು ನೆನಪಿಸಿಕೊಂಡರೆ ಈ ವಿಂಗಡಣೆ ಬೇಗ ಅರ್ಥವಾಗುತ್ತದೆ. ‘ಬಾಗಿಲಿನ ಚಿಲಕ ಮುರಿದಿತ್ತು, ಬೀರು ತೆರೆದಿತ್ತು, ನೆಲದ ಮೇಲೆ ಮಣ್ಣಿನ ಹೆಜ್ಜೆ ಗುರುತು ಇತ್ತು’ ಎಂಬುದು ಮಹಜರು. ‘ಪಕ್ಕದ ಮನೆಯವನೇ ಕದ್ದಿದ್ದಾನೆ’ ಎಂಬುದು ಮಹಜರಲ್ಲ, ಅನುಮಾನ. ಅನುಮಾನಕ್ಕೂ ತನಿಖೆಯಲ್ಲಿ ಜಾಗವಿದೆ, ಆದರೆ ಅದು ಮಹಜರಿನೊಳಗೆ ನುಸುಳಿದರೆ ಇಡೀ ಪ್ರಕರಣ ಸಡಿಲವಾಗುತ್ತದೆ. ಮಾನಸಿಕ ಆರೋಗ್ಯದ ಟಿಪ್ಪಣಿಗಳಲ್ಲಿ ಕೆಡುವುದೆಲ್ಲ ಬಹುಪಾಲು ಇಲ್ಲಿಯೇ: ತಿಳಿದದ್ದು ಕಂಡದ್ದರ ವೇಷ ಹಾಕಿಕೊಂಡು ಬಂದುಬಿಡುತ್ತದೆ. ‘ರೋಗಿಗೆ ಅನುಮಾನದ ಸ್ವಭಾವ’ ಎಂದು ಬರೆದರೆ ಯಾರು ಕಂಡರು, ಏನು ಕಂಡರು ಎಂಬುದು ತಿಳಿಯುವುದಿಲ್ಲ. ‘ಕೊಠಡಿಯ ಕಿಟಕಿ ಮುಚ್ಚಲು ಮೂರು ಬಾರಿ ಹೇಳಿದರು, ಹೊರಗೆ ನಿಂತವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದರು’ ಎಂದರೆ ಯಾರು ಬೇಕಾದರೂ ತಾವೇ ತೂಗಿ ನೋಡಬಹುದು.

ಕಂಡದ್ದನ್ನು ಬರೆಯಲು ಮನೋವೈದ್ಯಶಾಸ್ತ್ರದಲ್ಲಿ ಒಂದು ಸಿದ್ಧ ಕ್ರಮವಿದೆ. ಉಡುಗೆತೊಡುಗೆ ಮತ್ತು ನಡವಳಿಕೆ, ಮಾತಿನ ವೇಗ, ಮನಃಸ್ಥಿತಿ, ಆಲೋಚನೆಯ ಹರಿವು, ಇಲ್ಲದ್ದು ಕಾಣುವುದು ಅಥವಾ ಕೇಳುವುದು ಉಂಟೇ, ದಿನ–ಸ್ಥಳದ ಅರಿವು, ತನಗೆ ಕಾಯಿಲೆ ಇದೆ ಎಂಬ ತಿಳಿವು, ಹೀಗೆ ಸಾಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ: ರೋಗಿ ಹೇಳುವ ಮನಃಸ್ಥಿತಿ ಬೇರೆ, ಮುಖದಲ್ಲಿ ಕಾಣುವ ಭಾವ ಬೇರೆ. ‘ಚೆನ್ನಾಗಿದ್ದೇನೆ’ ಎನ್ನುತ್ತಲೇ ಕಣ್ಣು ಒರೆಸಿಕೊಂಡರೆ ಎರಡನ್ನೂ ಬರೆಯಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಒಂದೇ ಭೇಟಿ, ಎರಡು ಬರಹ

ಮೊದಲು ಹೇಳಿದ ಹೆಂಗಸನ್ನು ಗೌರಮ್ಮ ಎಂದು ಕರೆಯೋಣ, ಕಲ್ಪನೆಯ ವ್ಯಕ್ತಿ. ಮೂರು ವಾರದ ಹಿಂದೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ಬಂದಿದ್ದರು. ಖಿನ್ನತೆ ಎಂದು ತೀರ್ಮಾನಿಸಿ ಎಸ್ಸಿಟಲೋಪ್ರಾಮ್ ಎಂಬ ಮಾತ್ರೆಯನ್ನು 10 ಮಿಲಿಗ್ರಾಂ ಪ್ರಮಾಣದಲ್ಲಿ ಶುರು ಮಾಡಲಾಗಿತ್ತು. ಇಂದು ಎರಡನೆಯ ಭೇಟಿ. ಮೊದಲನೆಯ ಬರಹ ಹೀಗಿದೆ:

‘ಪರವಾಗಿಲ್ಲ. ನಿದ್ದೆ ಸುಧಾರಿಸಿದೆ. ಮನೆಯಲ್ಲಿ ಸಮಸ್ಯೆ. ಸಾಯುವ ಆಲೋಚನೆ ಇಲ್ಲ. ಅದೇ ಮಾತ್ರೆ. ಒಂದು ತಿಂಗಳು ಬಿಟ್ಟು ಬರಲಿ.’

ಸುಳ್ಳೇನೂ ಇಲ್ಲ ಎನ್ನಬಹುದು. ಆದರೆ ಯಾವುದಕ್ಕೆ ಹೋಲಿಸಿ ‘ಪರವಾಗಿಲ್ಲ’? ನಿದ್ದೆ ಎಷ್ಟರಿಂದ ಎಷ್ಟಕ್ಕೆ ಸುಧಾರಿಸಿತು? ‘ಸಮಸ್ಯೆ’ ಎಂದರೆ ಅತ್ತೆಯ ಮಾತೇ, ಹೊಡೆತವೇ, ಸಾಲವೇ? ಸಾಯುವ ಆಲೋಚನೆ ಇಲ್ಲವೆಂದು ಆಕೆ ಹೇಳಿದರೇ, ಅಥವಾ ಕೇಳಲೇ ಇಲ್ಲವೇ? ಇವು ಯಾವುದಕ್ಕೂ ಚೀಟಿಯಲ್ಲಿ ಉತ್ತರವಿಲ್ಲ. ಈಗ ಎರಡನೆಯದು:

‘ತಮ್ಮನೊಡನೆ ಬಂದಿದ್ದಾರೆ; ಮೊದಲು ಒಬ್ಬರನ್ನೇ, ನಂತರ ಅವರ ಒಪ್ಪಿಗೆಯಿಂದ ತಮ್ಮನ ಜೊತೆ ಮಾತಾಡಿದೆ. ಮಾತ್ರೆ ದಿನವೂ ತೆಗೆದುಕೊಂಡಿದ್ದಾರೆ, ಎರಡು ದಿನ ತಪ್ಪಿದೆ. ಮೊದಲ ವಾರ ಹೊಟ್ಟೆ ತೊಳಸು, ಈಗಿಲ್ಲ. ನಿದ್ದೆ 3 ಗಂಟೆಯಿಂದ 5 ಗಂಟೆಗೆ ಏರಿದೆ. ಎರಡು ಹೊತ್ತು ಊಟ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಇನ್ನೂ ಹೋಗುತ್ತಿಲ್ಲ, ಮಗಳು ಹೋಗುತ್ತಾಳೆ, “ನಾಲ್ಕು ಜನರ ಮುಖ ನೋಡಲು ಆಗುವುದಿಲ್ಲ.” “ಸಾಕಾಗಿ ಹೋಗಿದೆ” ಎಂದರು. ಏನು ಸಾಕಾಗಿದೆ ಎಂದು ಕೇಳಿದಾಗ, “ಮಲಗಿದವಳು ಏಳದಿದ್ದರೆ ಚೆನ್ನ ಅನಿಸುತ್ತದೆ” ಎಂದರು. ವಾರಕ್ಕೆ ಎರಡು ಮೂರು ಸಲ ಹೀಗನಿಸುತ್ತದೆ. ತಾನಾಗಿ ಏನಾದರೂ ಮಾಡಿಕೊಳ್ಳುವ ಯೋಚನೆ, ಸಿದ್ಧತೆ ಇಲ್ಲ ಎಂದರು, ಹಿಂದೆ ಪ್ರಯತ್ನಿಸಿಲ್ಲ. “ಮಗಳ ಎಸ್ಸೆಸ್ಸೆಲ್ಸಿ ಇದೆ, ಅವಳನ್ನು ಬಿಟ್ಟು ಎಲ್ಲಿಗೆ ಹೋಗಲಿ.” ಮನೆಯ ಕೊಟ್ಟಿಗೆಯಲ್ಲಿ ಕೀಟನಾಶಕ ಇದೆ.

ಕೂದಲು ಬಾಚಿದ್ದಾರೆ, ಹೋದ ಸಲ ಬಾಚಿರಲಿಲ್ಲ. ಮೆಲುದನಿ, ಪ್ರಶ್ನೆಗೆ ತಡವಾಗಿ ಉತ್ತರ. ಮಗಳ ಮಾತು ಬಂದಾಗ ಒಮ್ಮೆ ನಕ್ಕರು, ಗಂಡನ ಮಾತಿಗೆ ಅತ್ತರು.

ಖಿನ್ನತೆ, ಸ್ವಲ್ಪ ಸುಧಾರಣೆ. ಸಾವು ಬಯಸುವ ಆಲೋಚನೆ ಇದೆ, ಯೋಜನೆ ಇಲ್ಲ. ಮಗಳು ಮತ್ತು ತಮ್ಮನ ಆಸರೆ ಇದೆ. ಕೀಟನಾಶಕ ಕೈಗೆಟುಕುವುದು ಆತಂಕದ ವಿಷಯ. ದಾಖಲಾಗುವ ಬಗ್ಗೆ ಚರ್ಚಿಸಿದೆ, ಮಗಳ ಪರೀಕ್ಷೆಯ ಕಾರಣ ಬೇಡ ಎಂದರು. ಅಪಾಯ ವಿವರಿಸಿದ್ದನ್ನು ಅರ್ಥಮಾಡಿಕೊಂಡು ತಮ್ಮದೇ ಮಾತಿನಲ್ಲಿ ಮರಳಿ ಹೇಳಿದರು. ಈಗ ಮನೆಯಲ್ಲೇ ಚಿಕಿತ್ಸೆ ಮುಂದುವರಿಸುವುದು ಸರಿ ಎನಿಸಿತು.

ಅದೇ ಪ್ರಮಾಣದ ಮಾತ್ರೆ. ಏಳು ದಿನಕ್ಕೆ ಮಾತ್ರ ಕೊಟ್ಟಿದೆ. ಕೀಟನಾಶಕವನ್ನು ಇಂದೇ ತನ್ನ ಮನೆಗೆ ಒಯ್ಯಲು ತಮ್ಮ ಒಪ್ಪಿದ್ದಾರೆ. ಶುಕ್ರವಾರ ಸಮಾಜ ಕಾರ್ಯಕರ್ತರು ಫೋನ್ ಮಾಡುತ್ತಾರೆ. 14416 ಸಂಖ್ಯೆ ಬರೆದುಕೊಟ್ಟಿದೆ. ಮುಂದಿನ ಮಂಗಳವಾರ ಬರಬೇಕು.’ ಕೆಳಗೆ ಸಹಿ, ಹೆಸರು, ದಿನಾಂಕ, ಗಂಟೆ.

ಇಷ್ಟುದ್ದ ಬರೆಯಲು ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಸಾಧ್ಯವೇ ಎಂದು ಯಾರಾದರೂ ಕೇಳಿಯಾರು. ಪ್ರತಿಯೊಬ್ಬರಿಗೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆರು ತಿಂಗಳಿಂದ ಸ್ಥಿರವಾಗಿರುವವರಿಗೆ ನಾಲ್ಕು ಸಾಲು ಸಾಕು. ಅಪಾಯ, ಔಷಧದ ಬದಲಾವಣೆ, ರೋಗಿ ಬೇಡವೆಂದದ್ದು, ದಾಖಲಿಸಿಕೊಳ್ಳುವ ಅಥವಾ ಕೊಳ್ಳದಿರುವ ತೀರ್ಮಾನ, ಇವು ಇದ್ದ ದಿನ ಮಾತ್ರ ಪೆನ್ನು ನಿಧಾನಿಸಬೇಕು.

ಎರಡನೆಯ ಬರಹದಲ್ಲಿ ‘ಅಪಾಯವಿಲ್ಲ’ ಎಂಬ ಪದವೇ ಇಲ್ಲದಿರುವುದನ್ನು ಗಮನಿಸಿ. ಅದರ ಬದಲು ಅಪಾಯವನ್ನು ಹೆಚ್ಚಿಸುವುದು ಯಾವುದು, ತಗ್ಗಿಸುವುದು ಯಾವುದು, ಅದಕ್ಕೆ ಇಂದು ಏನು ಮಾಡಿದೆವು ಎಂಬ ಮೂರೂ ಇವೆ. ‘ತಮ್ಮ ಒಪ್ಪಿದ್ದಾರೆ’ ಎಂಬ ಎರಡು ಪದದಿಂದ ಶುಕ್ರವಾರ ಫೋನ್ ಮಾಡುವವರಿಗೆ ಏನು ಕೇಳಬೇಕೆಂದು ಗೊತ್ತಾಗುತ್ತದೆ: ಡಬ್ಬ ಮನೆಯಿಂದ ಹೋಯಿತೇ? 14416 ಎಂಬುದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕನ್ನಡದಲ್ಲಿ ಆಡಿದ್ದು, ಇಂಗ್ಲಿಷಿನಲ್ಲಿ ಬರೆದದ್ದು

ಮೇಲಿನ ಮಾದರಿಯನ್ನು ನಾನು ಕನ್ನಡದಲ್ಲಿ ಬರೆದೆ. ನಿಜದಲ್ಲಿ ಕರ್ನಾಟಕದ ಬಹುತೇಕ ಕೇಸ್ ಶೀಟುಗಳು ಇಂಗ್ಲಿಷಿನಲ್ಲಿರುತ್ತವೆ. ವೈದ್ಯಕೀಯ ಶಿಕ್ಷಣ ಆ ಭಾಷೆಯಲ್ಲಿದೆ, ಔಷಧದ ಹೆಸರು ಆ ಭಾಷೆಯಲ್ಲಿವೆ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ರೋಗಿಯ ಬಾಯಿಗೂ ವೈದ್ಯರ ಪೆನ್ನಿಗೂ ನಡುವೆ ಒಂದು ಅನುವಾದ ನಡೆಯುತ್ತದೆ, ಅದೂ ಯಾರ ಗಮನಕ್ಕೂ ಬಾರದಂತೆ.

‘ಬೇಜಾರು’ ಎಂಬ ಪದವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಕುಳಿತು ಹೊತ್ತು ಹೋಗದಿದ್ದರೂ ಬೇಜಾರು. ಅಣ್ಣ ಹೇಳಿದ ಮಾತಿಗೆ ನೊಂದುಕೊಂಡರೂ ಬೇಜಾರು. ಬದುಕು ರುಚಿಸದಿದ್ದರೂ ಬೇಜಾರು. ಮೂರಕ್ಕೂ ಇಂಗ್ಲಿಷಿನ ‘ಡಿಪ್ರೆಸ್ಡ್’ ಎಂದು ಬರೆದರೆ ಮೂವರಿಗೂ ಒಂದೇ ಕಾಯಿಲೆ ಬಂದಂತಾಯಿತು. ‘ಎದೆ ಢವಗುಟ್ಟುತ್ತದೆ’, ‘ತಲೆ ಧಿಂ ಎನ್ನುತ್ತದೆ’, ‘ಕೈಕಾಲು ಬಿದ್ದುಹೋದಂತಾಗುತ್ತದೆ’, ‘ಮೈಯೆಲ್ಲ ಉರಿ’ ಎಂದು ನಮ್ಮಲ್ಲಿ ಸಂಕಟ ದೇಹದ ಮೂಲಕವೇ ಮಾತಾಡುತ್ತದೆ. ಹಾಗೆಂದವರಿಗೆ ದೇಹದ ಕಾಯಿಲೆ ಇಲ್ಲವೆಂದಲ್ಲ, ಇದೆಯೆಂದೂ ಅಲ್ಲ. ಆ ಮಾತನ್ನು ಹಾಗೆಯೇ ಇಟ್ಟರೆ ಮುಂದಿನವರು ಎರಡೂ ದಾರಿಯನ್ನು ತೆರೆದಿಟ್ಟುಕೊಳ್ಳಬಹುದು.

ತಪ್ಪಿದರೆ ಹೆಚ್ಚು ದುಬಾರಿಯಾಗುವ ಜಾಗಗಳೂ ಇವೆ. ತಾಯಿ ಹೋಗಿ ಎರಡು ತಿಂಗಳಾದ ಮಗ, ‘ಅಡುಗೆಮನೆಯಿಂದ ಅಮ್ಮ ಕರೆದಂತೆ ಕೇಳಿಸುತ್ತದೆ’ ಎನ್ನುತ್ತಾನೆ. ಅಗಲಿಕೆಯ ದುಃಖದಲ್ಲಿ ಹೀಗೆ ಕೇಳಿಸುವುದು ಅಪರೂಪವಲ್ಲ. ಟಿಪ್ಪಣಿಯಲ್ಲಿ ‘ಇಲ್ಲದ ಧ್ವನಿ ಕೇಳಿಸುತ್ತದೆ’ ಎಂದಷ್ಟೇ ಉಳಿದರೆ, ಮುಂದಿನ ವೈದ್ಯರು ಅದನ್ನು ತೀವ್ರ ಮನೋವ್ಯಾಧಿಯ ಲಕ್ಷಣವೆಂದು ಓದಿ ಅದಕ್ಕೆ ತಕ್ಕ ಮಾತ್ರೆ ಶುರು ಮಾಡಬಹುದು. ‘ಮೈಮೇಲೆ ಬರುತ್ತದೆ’ ಎಂಬುದೂ ಹೀಗೆಯೇ. ಕರಾವಳಿಯ ದೈವಾರಾಧನೆಯಲ್ಲಿ ಆವೇಶ ಎಂಬುದು ಊರೇ ಒಪ್ಪಿದ, ಕಾಲ–ಸ್ಥಳ ಗೊತ್ತಿರುವ ಆಚರಣೆ. ಬೇಡವೆಂದರೂ ಬಸ್ಸಿನಲ್ಲಿ, ತರಗತಿಯಲ್ಲಿ ಮೈಮೇಲೆ ಬಂದು ಹುಡುಗಿ ಬೀಳುತ್ತಿದ್ದರೆ ಅದು ಬೇರೆ. ಎರಡಕ್ಕೂ ಒಂದೇ ಪದ ಬರೆದು ಬಿಡುವವರು ಇದ್ದಾರೆ. ಎಲ್ಲಿ, ಯಾವಾಗ, ಯಾರ ಎದುರು, ಅದರಿಂದ ಆಕೆಗೆ ತೊಂದರೆಯಾಗಿದೆಯೇ, ಮನೆಯವರು ಏನೆನ್ನುತ್ತಾರೆ, ಎಂಬ ಐದು ಉತ್ತರಗಳಿದ್ದರೆ ಸಾಕು.

ಉಪಾಯ ಸರಳ. ಮುಖ್ಯವಾದ ಒಂದೋ ಎರಡೋ ವಾಕ್ಯವನ್ನು ಕನ್ನಡದಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಕೊಡುವುದು. ಇಂಗ್ಲಿಷ್ ಟಿಪ್ಪಣಿಯ ನಡುವೆ ಒಂದು ಕನ್ನಡ ಸಾಲು ಬಂದರೆ ಯಾವ ನಿಯಮವೂ ಮುರಿಯುವುದಿಲ್ಲ.

‘ಸಮರ್ಥಿಸಿಕೊಳ್ಳಬಲ್ಲ’ ಟಿಪ್ಪಣಿ ಎಂದರೇನು

ಈ ಕ್ಷೇತ್ರದವರು ಪದೇ ಪದೇ ಬಳಸುವ ಮಾತಿದು, ಹೊರಗಿನವರಿಗೆ ತಪ್ಪಾಗಿ ಕೇಳಿಸುವ ಮಾತೂ ಹೌದು. ವೈದ್ಯರು ತಮ್ಮ ತಲೆ ಉಳಿಸಿಕೊಳ್ಳಲು ಬರೆಯುವುದು ಎಂದು ಅನಿಸುತ್ತದೆ. ನ್ಯಾಯಾಲಯ ನಿಜವಾಗಿ ಏನು ನೋಡುತ್ತದೆ ಎಂದು ತಿಳಿದರೆ ಅರ್ಥ ಬದಲಾಗುತ್ತದೆ.

ವೈದ್ಯಕೀಯ ನಿರ್ಲಕ್ಷ್ಯವನ್ನು ಅಳೆಯುವ ‘ಬೋಲಂ ಪರೀಕ್ಷೆ’ ಹುಟ್ಟಿದ್ದೇ ಒಂದು ಮಾನಸಿಕ ಆಸ್ಪತ್ರೆಯ ಪ್ರಕರಣದಿಂದ. 1954ರಲ್ಲಿ ಲಂಡನ್ನಿನ ಫ್ರೈಯರ್ನ್ ಆಸ್ಪತ್ರೆಯಲ್ಲಿ ಬೋಲಂ ಎಂಬ ರೋಗಿಗೆ ವಿದ್ಯುತ್ ಕಂಪನ ಚಿಕಿತ್ಸೆ, ಅಂದರೆ ಮಿದುಳಿಗೆ ವಿದ್ಯುತ್ ಹಾಯಿಸಿ ಸೆಳವು ಬರಿಸುವ ಚಿಕಿತ್ಸೆ, ಕೊಟ್ಟರು. ಸ್ನಾಯು ಸಡಿಲಿಸುವ ಔಷಧ ಕೊಟ್ಟಿರಲಿಲ್ಲ. ಸೆಳವಿಗೆ ಸೊಂಟದ ಮೂಳೆ ಮುರಿಯಿತು. 1957ರಲ್ಲಿ ತೀರ್ಪು ಆಸ್ಪತ್ರೆಯ ಪರವಾಗಿ ಬಂತು. ಆ ಕಾಲಕ್ಕೆ ಔಷಧ ಕೊಡುವ ವೈದ್ಯರೂ ಇದ್ದರು, ಕೊಡದವರೂ ಇದ್ದರು. ಜವಾಬ್ದಾರಿಯುತ ವೈದ್ಯರ ಒಂದು ವರ್ಗ ಒಪ್ಪುವ ರೀತಿಯಲ್ಲಿ ನಡೆದುಕೊಂಡವರನ್ನು ನಿರ್ಲಕ್ಷ್ಯದವರೆನ್ನಲಾಗದು ಎಂಬುದು ಅದರ ಸಾರ. ಭಾರತದ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಈ ಅಳತೆಗೋಲನ್ನು ಒಪ್ಪಿಕೊಂಡಿತು. ತೀರ್ಮಾನ ತಪ್ಪಾಯಿತು ಎಂಬ ಒಂದೇ ಕಾರಣಕ್ಕೆ ಅದು ನಿರ್ಲಕ್ಷ್ಯವಾಗದು ಎಂದಿತು. (ಬೋಲಂ ಅವರಿಗೆ ಕೊಟ್ಟ ರೀತಿಯ ಚಿಕಿತ್ಸೆ ಇಂದು ನಮ್ಮಲ್ಲಿ ಕಾನೂನುಬಾಹಿರ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ.)

ಹೀಗಾಗಿ ಮುಂದೆ ಏನಾಯಿತು ಎಂಬುದಕ್ಕಿಂತ, ಅಂದು ಗೊತ್ತಿದ್ದ ಸಂಗತಿಗಳನ್ನು ಇಟ್ಟುಕೊಂಡು ಯೋಚಿಸಿದ್ದು ಸರಿಯಿತ್ತೇ ಎಂಬುದು ಪ್ರಶ್ನೆ. ಆ ಯೋಚನೆ ಕಾಣುವುದು ಬರಹದಲ್ಲಿ ಮಾತ್ರ. ಗೌರಮ್ಮನವರನ್ನು ದಾಖಲಿಸಿಕೊಳ್ಳದಿರಲು ಕಾರಣ ಬರೆದಿದೆ, ಬೇರೆ ದಾರಿ ಯಾವುದನ್ನು ತೂಗಿದರು ಎಂಬುದಿದೆ, ಆಕೆಗೆ ವಿಷಯ ಅರ್ಥವಾಗಿತ್ತು ಎನ್ನಲು ಆಧಾರವಿದೆ. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ರೋಗಿಯ ತೀರ್ಮಾನ ಇತರರಿಗೆ ತಪ್ಪೆನಿಸಿತು ಎಂಬ ಮಾತ್ರಕ್ಕೆ ಅವರಿಗೆ ತೀರ್ಮಾನಿಸುವ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಆದ್ದರಿಂದ ‘ಚಿಕಿತ್ಸೆ ನಿರಾಕರಿಸಿದರು’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ಏನು ವಿವರಿಸಿದೆವು, ಏನೆಂದರು, ಯಾಕೆ ಬೇಡವೆಂದರು ಎಂಬುದು ಬೇಕು.

ತಿದ್ದುವುದಕ್ಕೂ ಒಂದು ರೀತಿ ಇದೆ. ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ತಪ್ಪು ಜಮೆಯನ್ನು ಅಳಿಸುವುದಿಲ್ಲ. ಕೆಳಗೆ ಮತ್ತೊಂದು ಸಾಲಿನಲ್ಲಿ ಅದನ್ನು ವಜಾ ಮಾಡಿ ತೋರಿಸುತ್ತಾರೆ, ಎರಡೂ ಕಾಣುತ್ತವೆ. ಕೇಸ್ ಶೀಟಿನಲ್ಲೂ ಹಾಗೆಯೇ: ತಪ್ಪಿದ ಸಾಲಿನ ಮೇಲೆ ಓದಲು ಬರುವಂತೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಸಹಿ, ದಿನಾಂಕ. ಬಿಳಿ ಬಣ್ಣ ಬಳಿದರೆ, ಹಾಳೆ ಬದಲಿಸಿದರೆ, ಅದರ ಕೆಳಗೆ ನಿರಪರಾಧಿ ಕಾಗುಣಿತ ದೋಷವೇ ಇದ್ದರೂ ಯಾರೂ ನಂಬುವುದಿಲ್ಲ. ಮರೆತದ್ದು ಮರುದಿನ ನೆನಪಾದರೆ ಮರುದಿನದ ತಾರೀಖು ಹಾಕಿ ‘ನಿನ್ನೆಯ ಭೇಟಿಗೆ ಸೇರಿದ್ದು, ತಡವಾಗಿ ಬರೆದದ್ದು’ ಎಂದು ಹೇಳಿಯೇ ಬರೆಯಬೇಕು. ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಹೊಸ ರೋಗ ಹಿಂದಿನ ಟಿಪ್ಪಣಿಯನ್ನು ನಕಲಿಸಿ ಅಂಟಿಸುವುದು. ಮೂರು ತಿಂಗಳು ಸತತವಾಗಿ ‘ಹೊಟ್ಟೆ ತೊಳಸು, ಮೊದಲ ವಾರ’ ಎಂದಿರುವ ಫೈಲನ್ನು ಓದಿದವರು ಉಳಿದದ್ದನ್ನೂ ಅನುಮಾನದಿಂದಲೇ ನೋಡುತ್ತಾರೆ.

ಬರೆಯಬಾರದ್ದು

ಹೆಚ್ಚು ಬರೆದಷ್ಟೂ ಒಳ್ಳೆಯದೆಂದು ಇಷ್ಟರಿಂದ ಅನಿಸಬಹುದು. ಇಲ್ಲ. ಸಮಾಲೋಚನೆಯ ಕೋಣೆಯಲ್ಲಿ ರೋಗಿ ತನ್ನ ಕಥೆಯ ಜೊತೆ ಇತರರ ಕಥೆಯನ್ನೂ ತರುತ್ತಾರೆ: ನಾದಿನಿಯ ಗರ್ಭಪಾತ, ಭಾವನ ಸಾಲ, ಪಕ್ಕದ ಮನೆಯವರ ಜಗಳ. ಆ ಜನ ಯಾರೂ ಒಪ್ಪಿಗೆ ಕೊಟ್ಟು ಫೈಲಿಗೆ ಬಂದವರಲ್ಲ. ಚಿಕಿತ್ಸೆಗೆ ಬೇಕಾದಷ್ಟನ್ನು ಮಾತ್ರ, ಹೆಸರಿಲ್ಲದೆ, ‘ಹತ್ತಿರದ ಸಂಬಂಧಿಯ ಅನಾರೋಗ್ಯದಿಂದ ಆತಂಕ ಹೆಚ್ಚಿದೆ’ ಎಂದು ಬರೆದರೆ ಸಾಕು.

ಗುಣವಾಚಕಗಳ ಬಗ್ಗೆ ಇನ್ನೂ ಎಚ್ಚರ ಬೇಕು. ‘ಹಟಮಾರಿ’, ‘ನಾಟಕ ಮಾಡುತ್ತಾರೆ’, ‘ಸಹಕರಿಸುವುದಿಲ್ಲ’ ಎಂಬ ಮಾತುಗಳು ಬರೆಯುವವರ ಅಂದಿನ ಬೇಸರವನ್ನು ಹೇಳುತ್ತವೆಯೇ ಹೊರತು ರೋಗಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವು ಅಂಟುತ್ತವೆ ಕೂಡ. ಮೊದಲ ಪುಟದ ‘ಹಟಮಾರಿ’ ಹತ್ತನೆಯ ಪುಟದವರೆಗೆ ನಡೆದು ಬರುತ್ತಾಳೆ. ಹೇಳಿದವರು ಯಾರು ಎಂಬುದನ್ನೂ ಬಿಡಬಾರದು. ‘ಹಿಂಸಾತ್ಮಕ ವರ್ತನೆ ಇದೆ’ ಎಂಬುದಕ್ಕೂ ‘ನಿನ್ನೆ ರಾತ್ರಿ ತಟ್ಟೆ ಎಸೆದರೆಂದು ಗಂಡ ಹೇಳುತ್ತಾರೆ, ಅವರು ಕೈಮಾಡಿದ ಮೇಲೆ ಎಸೆದೆ ಎಂದು ಈಕೆ ಹೇಳುತ್ತಾರೆ’ ಎಂಬುದಕ್ಕೂ ಇರುವ ಅಂತರ ಮೊದಲು ಹೇಳಿದ ಕೌಟುಂಬಿಕ ನ್ಯಾಯಾಲಯದಲ್ಲಿ ಒಬ್ಬರ ಬದುಕನ್ನೇ ತಿರುಗಿಸಬಹುದು.

ಕಟ್ಟಿಹಾಕಿದ ದಿನ

ಒಂದು ಸಂದರ್ಭದಲ್ಲಿ ಏನು ಬರೆಯಬೇಕೆಂದು ಕಾನೂನೇ ಹೇಳುತ್ತದೆ. ರೋಗಿ ತನಗೋ ಇತರರಿಗೋ ತಕ್ಷಣದ ಹಾನಿ ಮಾಡುವ ಸ್ಥಿತಿಯಲ್ಲಿದ್ದು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಕೈಕಾಲು ಕಟ್ಟಬಹುದು ಎಂದು 2017ರ ಕಾಯ್ದೆಯ 97ನೇ ಸೆಕ್ಷನ್ ಹೇಳುತ್ತದೆ. ಸರಪಳಿಯಂತೂ ಪೂರ್ತಿ ನಿಷಿದ್ಧ. ಕಟ್ಟಿದರೆ ಯಾವ ವಿಧಾನ, ಯಾಕೆ, ಎಷ್ಟು ಹೊತ್ತು ಎಂಬುದನ್ನು ಕೂಡಲೇ ಟಿಪ್ಪಣಿಯಲ್ಲಿ ದಾಖಲಿಸಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ತನ್ನ ಪರವಾಗಿ ನೋಡಿಕೊಳ್ಳಲು ರೋಗಿ ಹೆಸರಿಸಿದವರಿಗೆ, 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದು ಎಂಬ ಕಾರಣಕ್ಕೂ ಕಟ್ಟುವಂತಿಲ್ಲ. ಮನೆಯವರು ಫೈಲು ಪಡೆದಾಗ ಮೊದಲು ಹುಡುಕಬೇಕಾದ ಸಾಲುಗಳಿವು.

ನಿಮ್ಮ ಫೈಲು ನೀವು ಕೇಳುವುದು ಹೇಗೆ

ಚಿಕಿತ್ಸೆ ಪಡೆದ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಬೇಕು. ಅದೇ ಕಾಯ್ದೆಯಡಿ ಬಂದ 2018ರ ನಿಯಮಗಳಲ್ಲಿ ಅರ್ಜಿಗೂ, ಕೊಡಬೇಕಾದ ಮೂಲ ದಾಖಲೆಗೂ ನಮೂನೆ ಇದೆ. ಹದಿನೈದು ದಿನದೊಳಗೆ ಕೊಡಬೇಕು. ಅಲ್ಲದೆ ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿ, ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಮೂರು ವರ್ಷ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಪ್ರತಿ ಬಾರಿ ಕೊಡುವ ಚೀಟಿ, ಡಿಸ್ಚಾರ್ಜ್ ಕಾಗದಗಳನ್ನು ಮನೆಯಲ್ಲೇ ಒಂದು ಚೀಲದಲ್ಲಿ ಕೂಡಿಡುವುದು ಜಾಣತನ.

ಎಲ್ಲವೂ ಸಿಗುತ್ತದೆಯೇ? ಓದಿದರೆ ರೋಗಿಯ ಮನಸ್ಸಿಗೆ ಗಂಭೀರ ಹಾನಿಯಾಗುತ್ತದೆ ಅಥವಾ ಮತ್ತೊಬ್ಬರಿಗೆ ಹಾನಿಯಾಗುವ ಸಂಭವವಿದೆ ಎನಿಸಿದ ಭಾಗವನ್ನು ವೈದ್ಯರು ತಡೆಹಿಡಿಯಬಹುದು. ಆದರೆ ತಡೆಹಿಡಿದಿದ್ದೇವೆ ಎಂಬುದನ್ನು ತಿಳಿಸಬೇಕು. ಅದರ ವಿರುದ್ಧ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬಹುದು. ಇನ್ನು ಬೇರೆಯವರು, ಕೆಲಸ ಕೊಟ್ಟ ಕಂಪನಿಯಾಗಲಿ ದೂರದ ನೆಂಟರಾಗಲಿ, ಕೇಳಿದರೆ ಕೊಡುವಂತಿಲ್ಲ. ಚಿಕಿತ್ಸೆಗೆ ಬೇಕಾದ ಇತರ ವೃತ್ತಿಪರರು, ನಾಮನಿರ್ದೇಶಿತ ಪ್ರತಿನಿಧಿ, ನ್ಯಾಯಾಲಯ ಅಥವಾ ಮಂಡಳಿಯ ಆದೇಶ, ಜೀವಕ್ಕೆ ಅಪಾಯ, ಇಂಥ ಕೆಲವೇ ಸಂದರ್ಭಗಳಲ್ಲಿ 2017ರ ಕಾಯ್ದೆಯ 23ನೇ ಸೆಕ್ಷನ್ ಬಾಗಿಲು ತೆರೆಯುತ್ತದೆ, ಅದೂ ಬೇಕಾದಷ್ಟೇ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಅಲ್ಲಿ 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ವೈದ್ಯರ ಟಿಪ್ಪಣಿಗಳನ್ನು ರೋಗಿಗಳು ಆನ್‌ಲೈನ್‌ನಲ್ಲಿ ತಡವಿಲ್ಲದೆ ಓದುವಂತಾಗಬೇಕು. ಆದರೆ ಆಪ್ತಸಮಾಲೋಚಕರು ತಮ್ಮ ವಿಶ್ಲೇಷಣೆಗಾಗಿ ಮುಖ್ಯ ಫೈಲಿನಿಂದ ಬೇರೆಯಾಗಿಯೇ ಇಟ್ಟುಕೊಳ್ಳುವ ಸಮಾಲೋಚನಾ ಟಿಪ್ಪಣಿಗೆ ಅಲ್ಲಿ ವಿಶೇಷ ರಕ್ಷಣೆಯಿದೆ. ರೋಗಿಗೂ ಅದನ್ನು ಕೇಳುವ ಹಕ್ಕಿಲ್ಲ. ಔಷಧ, ರೋಗನಿರ್ಣಯ, ಪ್ರಗತಿಯ ಸಾರಾಂಶ ಇವು ಮಾತ್ರ ಆ ರಕ್ಷಣೆಯೊಳಗೆ ಬರುವುದಿಲ್ಲ.

ಫೈಲು ಕೈಗೆ ಬಂದಾಗ ತಪ್ಪು ಕಂಡರೆ ಜಗಳಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಬಹುದು: ಯಾವ ಸಾಲು ತಪ್ಪು, ನಿಜ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ, ಅದನ್ನೂ ಫೈಲಿಗೆ ಸೇರಿಸಿ ಎಂದು ಕೇಳಬಹುದು.

ಮತ್ತೆ ಮಂಗಳವಾರ

ಮುಂದಿನ ವಾರ ಗೌರಮ್ಮ ಬಂದಾಗ ಕುರ್ಚಿಯಲ್ಲಿ ಬೇರೆ ವೈದ್ಯೆ ಇದ್ದಾರೆ. ಗೌರಮ್ಮ ಬಾಗಿಲಲ್ಲೇ ಒಂದು ಕ್ಷಣ ನಿಲ್ಲುತ್ತಾರೆ. ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಲ್ಲ ಎಂಬ ಆಯಾಸ ಮುಖದಲ್ಲಿದೆ. ವೈದ್ಯೆ ಹಿಂದಿನ ಪುಟ ತಿರುವಿ ಎರಡು ನಿಮಿಷ ಓದುತ್ತಾರೆ. ಶುಕ್ರವಾರದ ಫೋನಿನ ಸಾಲೂ ಅದರಲ್ಲಿದೆ: ಡಬ್ಬ ತಮ್ಮನ ಮನೆಗೆ ಹೋಗಿದೆ. ತಲೆಯೆತ್ತಿ ಕೇಳುತ್ತಾರೆ, “ಕೂತುಕೊಳ್ಳಿ ಅಮ್ಮ. ಈ ವಾರ ಡೇರಿಗೆ ಹಾಲು ಹಾಕಲು ಮಗಳೇ ಹೋದಳೇ, ನೀವೂ ಒಂದು ದಿನ ಹೋಗಿದ್ದಿರಾ?”